ಹಳೆಯ ದುರ್ಬೀನು ಕೊಳ್ಳುವ ಮುನ್ನ

ರಮಝಾನ್ ಹತ್ತಿರವಾದಂತೆ, ಚಂದ್ರದರ್ಶನಕ್ಕೆಂದು ಹಳೆಯ ದುರ್ಬೀನೊಂದನ್ನು ತರೋಣವೆಂದು ಮಕ್ಕಳು ಹಟ ಹಿಡಿಯುವುದುಂಟು. ಸಹೋದರಿಯರೇ, ಹಣ ಕೊಡುವ ಮುನ್ನ ಅದನ್ನು ತಿರುಗಿಸಿ ಹಿಡಿದು, ದೊಡ್ಡ ಗಾಜಿನ ಕಡೆಯಿಂದ ಟ್ಯೂಬ್‌ಲೈಟಿನತ್ತ ನೋಡಿರಿ. ಒಳಗೆ ಜೇಡರ ಬಲೆಯಂತಹ ಎಳೆಗಳಿದ್ದರೆ ಅದು ಬೂಷ್ಟು. ಹೊರಗಿನಿಂದ ಒರೆಸಿದರೆ ಹೋಗದು. ಬಳಿಕ ದೂರದ ವಿದ್ಯುತ್ ಕಂಬವನ್ನು ನೋಡಿರಿ. ಒಂದು ಕಂಬ ಎರಡಾಗಿ ಕಂಡರೆ ಒಳಗಿನ ಪಟ್ಟಕ ಜರುಗಿರಬಹುದು, ಅಂಥದ್ದು ಬೇಡವೇ ಬೇಡ. ಜರ್ಮನಿಯ ಝೈಸ್ ಆದರೂ ಈ ಪರೀಕ್ಷೆ ಬಿಡಬೇಡಿ. 7×50 ಎಂದಿದ್ದರೆ 7 ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 50 ಮಿಲಿಮೀಟರ್. ಮುಸ್ಸಂಜೆಗೆ ಒಳ್ಳೆಯದು, ಕೈಗೆ ಮಾತ್ರ ಭಾರ.

ಸೂರ್ಯ ಪೂರ್ತಿ ಮುಳುಗುವ ತನಕ ಅದನ್ನು ಪಶ್ಚಿಮದತ್ತ ಎತ್ತಲು ಮಕ್ಕಳನ್ನು ಬಿಡಲೇಬೇಡಿ. ಕಣ್ಣಿನ ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ. ಸುಟ್ಟ ಕ್ಷಣದಲ್ಲಿ ಮಗು ಅಳುವುದೂ ಇಲ್ಲ.