ರಾಗಿಯ ಮೊಳಕೆಯೂ ಮಾಲ್ಟಿನ ಗುಟ್ಟೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಬೆದ್ದಲು ಹೊಲಗಳಿಗೆ ರಾಗಿಯು ಹಳೆಯ ನೆಂಟ. ದೊಡ್ಡವರಿಗೆ ಮುದ್ದೆ ಮತ್ತು ಅಂಬಲಿ, ಆರು ತಿಂಗಳು ತುಂಬಿದ ಕೂಸಿಗೆ ರಾಗಿಯ ಸರಿ. ಈಗ ಅಂಗಡಿಯಲ್ಲಿ ರಾಗಿ ಮಾಲ್ಟಿನ ಸಿದ್ಧ ಪೊಟ್ಟಣಗಳು ದೊರೆಯುತ್ತವೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಯೋಜನೆಯೂ 2024ರಲ್ಲಿ ಆರಂಭವಾಯಿತು. ಪೊಟ್ಟಣವನ್ನು ಬದಿಗಿಟ್ಟು, ಕಾಳಿನಿಂದಲೇ ಮಾಲ್ಟನ್ನು ಸಿದ್ಧಪಡಿಸಲು ಹೊರಟರೆ ನಾವು ಏನನ್ನು ತಿಳಿದಿರಬೇಕು?

ಮೊದಲು ಮಾಲ್ಟಿನ ಅಗತ್ಯವೇನೆಂಬುದನ್ನು ನೋಡೋಣ. ಬರಿಯ ರಾಗಿಹಿಟ್ಟನ್ನು ನೀರಿನಲ್ಲಿ ಬೇಯಿಸಿದಾಗ ಅದರ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ. ಸ್ವಲ್ಪ ಹಿಟ್ಟಿಗೇ ಗಂಜಿ ಗಟ್ಟಿಯಾಗುತ್ತದೆ. ಮಗು ನುಂಗಲೆಂದು ನೀರು ಬೆರೆಸಿದರೆ, ಅದರ ಪುಟ್ಟ ಹೊಟ್ಟೆಯನ್ನು ತುಂಬುವುದು ಹೆಚ್ಚಾಗಿ ನೀರೇ. ಹೊಟ್ಟೆ ತುಂಬಿದರೂ ಮಗು ಸೊರಗುವುದುಂಟು. ಮಾಲ್ಟಿನ ಗಂಜಿಯಾದರೋ, ಹೆಚ್ಚು ಹಿಟ್ಟನ್ನು ಹಾಕಿದರೂ ತೆಳ್ಳಗಿರುತ್ತದೆ.

ಇದರ ಕಾರಣ ಮೊಳಕೆಯಲ್ಲಿದೆ. ಕಾಳಿನೊಳಗಿನ ಪಿಷ್ಟವು ಎಳೆಯ ಸಸಿಗಾಗಿ ಕೂಡಿಟ್ಟ ಬುತ್ತಿ. ಅದು ನೀರಿನಲ್ಲಿ ಕರಗದು. ಸಸಿಯು ಅದನ್ನು ಹಾಗೆಯೇ ಹೀರಲಾರದು. ಆದುದರಿಂದ ಮೊಳೆಯುವ ಕಾಳು ಅಮೈಲೇಸ್ ಎಂಬ ಕಿಣ್ವಗಳನ್ನು ಹುಟ್ಟಿಸಿಕೊಳ್ಳುತ್ತದೆ. ಅವು ಪಿಷ್ಟದ ಉದ್ದನೆಯ ಸರಪಣಿಯನ್ನು ತುಂಡರಿಸಿ ಡೆಕ್ಸ್‌ಟ್ರಿನ್ ಮತ್ತು ಮಾಲ್ಟೋಸ್ ಸಕ್ಕರೆಯನ್ನಾಗಿ ಮಾಡುತ್ತವೆ. ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೊ ಎಂಬ ರಸಾಯನಶಾಸ್ತ್ರಜ್ಞರು 1833ರಲ್ಲಿ ಬಾರ್ಲಿಯ ಮಾಲ್ಟಿನಿಂದ ಈ ವಸ್ತುವನ್ನು ಬೇರ್ಪಡಿಸಿ, ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಬಿಯರ್ ತಯಾರಿಸುವವರಿಗೂ ಇದೇ ಆಧಾರ. ಸಿದ್ಧ ಮಾಲ್ಟಿನ ಪಾಕವನ್ನು ಕೊಂಡವನಿಗೆ ಪಿಷ್ಟವನ್ನು ಸಕ್ಕರೆಯಾಗಿಸುವ ಚಿಂತೆಯಿಲ್ಲ; ಆ ಕೆಲಸವನ್ನು ಬೇರೊಬ್ಬರು ಮುಗಿಸಿರುತ್ತಾರೆ. ಕಾಳಿನಿಂದ ತೊಡಗುವವನಾದರೆ ಕಿಣ್ವದ ಸ್ವಭಾವವನ್ನು ತಾನೇ ಅರಿತಿರಬೇಕು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1980ರ ದಶಕದಲ್ಲಿ ಹಲವು ಧಾನ್ಯಗಳ ಮಾಲ್ಟನ್ನು ಹೋಲಿಸಿ ನೋಡಿದಾಗ, ಕಿರುಧಾನ್ಯಗಳಲ್ಲಿ ರಾಗಿಯು ಇದಕ್ಕೆ ಬಹಳ ತಕ್ಕುದೆಂದು ಕಂಡುಬಂದಿತು.

ತಯಾರಿಕೆಯ ಕ್ರಮ ಸುಲಭ. ರಾಗಿಯನ್ನು ಕಲ್ಲು, ಮಣ್ಣು ಹೋಗುವಂತೆ ತೊಳೆದು ಒಂದು ರಾತ್ರಿ ನೆನೆಹಾಕಬೇಕು. ನೀರು ಬಸಿದು ಒದ್ದೆಬಟ್ಟೆಯಲ್ಲಿ ಕಟ್ಟಿ, ಆಗಾಗ್ಗೆ ನೀರು ಚಿಮುಕಿಸುತ್ತ ಎರಡು ದಿನ ಇಟ್ಟರೆ ಬಿಳಿಯ ಮೊಳಕೆ ಕಾಣುತ್ತದೆ. ಬಳಿಕ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಉಜ್ಜಿ ಮೊಳಕೆಯನ್ನು ಕೇರಿ ತೆಗೆದು ಬೀಸಬೇಕು. ತೇವ ಮತ್ತು ಬೆಚ್ಚನೆಯ ಹವೆ ಬೂಷ್ಟಿಗೂ ಪ್ರಿಯವಾದುದರಿಂದ, ಬೂಷ್ಟು ಹಿಡಿದ ಅಥವಾ ಮುಗ್ಗಲು ವಾಸನೆ ಬಂದ ಕಾಳನ್ನು ಸಂಕೋಚವಿಲ್ಲದೆ ಎಸೆಯಬೇಕು. ಹಿಟ್ಟನ್ನು ಬಹಳ ನುಣ್ಣಗೆ ಜರಡಿ ಹಿಡಿಯುವುದೂ ಲಾಭವಲ್ಲ. ರಾಗಿಯ ಸುಣ್ಣಾಂಶದಲ್ಲಿ ಗಣನೀಯ ಪಾಲು ಸಿಪ್ಪೆಯಲ್ಲಿರುತ್ತದೆ.

ಮೊದಲ ಸಲ ನಾವು ಮಾಡಿದಾಗ ಎರಡು ತಪ್ಪುಗಳಾದುವು. ಒಣಗಿದ ಕಾಳನ್ನು ಘಮಘಮಿಸುವವರೆಗೆ ಬಾಣಲೆಯಲ್ಲಿ ಹುರಿದೆವು. ಅದರ ಹಿಟ್ಟನ್ನು ಕುದಿಯುವ ನೀರಿಗೆ ಸುರಿದೆವು. ಗಂಜಿ ಎಂದಿನಂತೆಯೇ ಗಟ್ಟಿಯಾಯಿತು! ಪರಿಮಳವೇನೋ ಬಂದಿತ್ತು, ಕಿಣ್ವ ಮಾತ್ರ ಸತ್ತುಹೋಗಿತ್ತು. ಕಿಣ್ವಕ್ಕೆ ಶಾಖ ಬೇಕು, ಅತಿಶಾಖ ಸಲ್ಲದು. ಸುಮಾರು 65 ಡಿಗ್ರಿ ಸೆಂಟಿಗ್ರೇಡಿನಲ್ಲಿ ಪಿಷ್ಟ ಉಬ್ಬತೊಡಗುತ್ತದೆ, ಕಿಣ್ವವೂ ಚುರುಕಾಗಿರುತ್ತದೆ. 80 ಡಿಗ್ರಿ ದಾಟಿದರೆ ಅದು ಬೇಗನೆ ಕೆಡುತ್ತದೆ. ಆದುದರಿಂದ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ, 65ರಿಂದ 70 ಡಿಗ್ರಿಯಲ್ಲಿ ಹತ್ತು ನಿಮಿಷ ಹಿಡಿದು, ಕೊನೆಗೆ ಚೆನ್ನಾಗಿ ಕುದಿಸಬೇಕು. ಮೊಳಕೆಯ ಕಾಲದಲ್ಲಿ ಬೆಳೆದಿರಬಹುದಾದ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಈ ಕುದಿಯು ಅತ್ಯವಶ್ಯಕ. ಕುದಿಯಲ್ಲಿ ಕಿಣ್ವ ನಾಶವಾದರೂ ತುಂಡಾದ ಪಿಷ್ಟ ಮತ್ತೆ ಕೂಡಿಕೊಳ್ಳದು. ಗಂಜಿ ತೆಳ್ಳಗೇ ಉಳಿಯುತ್ತದೆ.

ಶಾಲೆಯ ಪ್ರಯೋಗಶಾಲೆಯಲ್ಲಿ ಇದನ್ನು ಪರೀಕ್ಷಿಸಬಹುದು. ಬರಿಯ ರಾಗಿಹಿಟ್ಟಿನ ಗಟ್ಟಿಗಂಜಿಯನ್ನು 65 ಡಿಗ್ರಿಗೆ ಆರಿಸಿ ಎರಡು ಪಾತ್ರೆಗಳಲ್ಲಿ ಸಮನಾಗಿ ಹಂಚಿರಿ. ಒಂದಕ್ಕೆ ಬಿಸಿಲಲ್ಲಿ ಒಣಗಿಸಿದ ಮೊಳಕೆಯ ಹಿಟ್ಟನ್ನೂ, ಇನ್ನೊಂದಕ್ಕೆ ಅದೇ ಹಿಟ್ಟನ್ನು ಕಪ್ಪಗಾಗುವಂತೆ ಹುರಿದುದನ್ನೂ ಒಂದೊಂದು ಚಮಚ ಬೆರೆಸಿ, ಅದೇ ಉಷ್ಣತೆಯ ನೀರಿನಲ್ಲಿ ಕಾಲು ಗಂಟೆ ಇಡಿರಿ. ಮೊದಲನೆಯದು ಸುರಿಯುವಂತಾಗುವುದು, ಎರಡನೆಯದು ಹಾಗೆಯೇ ನಿಲ್ಲುವುದು. ಪ್ರತಿಯೊಂದರಿಂದ ಸ್ವಲ್ಪ ತೆಗೆದು, ಆರಿಸಿ, ನೀರು ಬೆರೆಸಿ, ಅಯೋಡಿನ್ ದ್ರಾವಣವನ್ನು ಒಂದು ತೊಟ್ಟು ಹಾಕಿದರೆ ಎರಡನೆಯದರಲ್ಲಿ ಗಾಢ ನೀಲಿ ಕಾಣುವುದು. ಮೊದಲನೆಯದರಲ್ಲಿ ಆ ನೀಲಿ ಕಳೆಗುಂದಿರುವುದು. ಅಯೋಡಿನ್ ಸೇರಿದುದನ್ನು ಬಾಯಿಗೆ ಹಾಕಬಾರದು.

ಮೊಳಕೆ ಕಟ್ಟುವ ಬಟ್ಟೆ, ಬೀಸುವ ಕಲ್ಲು, ಒಲೆ ಇವೆಲ್ಲ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದ್ದುವು. ಅವುಗಳ ಜೊತೆಗೆ ಉಷ್ಣತೆಯ ಅರಿವೊಂದು ಸೇರಿದರೆ, ಬಟ್ಟಲು ದೊಡ್ಡದಾಗದೆಯೇ ಮಗುವಿನ ಊಟ ಹೆಚ್ಚುತ್ತದೆ.