ಮೂರ್ಕಲ್‌ನಲ್ಲಿ ನಿಂತುಹೋದ ಹೋಟೆಲು

ಬೇಸಿಗೆ ರಜೆ ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. 'ನಾಗರಹೊಳೆಗೆ ಹೊರಟಿದ್ದೀವಿ, ಎಲ್ಲಿ ಉಳಿಯೋದು? ಕಬಿನಿ ಕಡೆನೋ, ಕುಟ್ಟದ ಕಡೆನೋ?' ಕೆಲವರು ಇನ್ನೊಂದು ಮಾತು ಸೇರಿಸುತ್ತಾರೆ: 'ಕಾಡಿನ ಒಳಗೇ ಒಂದು ರೂಮು ಸಿಗಲ್ವಾ?' ಅದನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ಮೂರ್ಕಲ್‌ಗೆ ಹೋಗುತ್ತದೆ.

ಮೂರ್ಕಲ್ ನಾಗರಹೊಳೆ ಕಾಡಿನ ಒಳಗಿರುವ ಜಾಗ. 1990ರ ದಶಕದ ನಡುವೆ ಅಲ್ಲಿದ್ದ ಕಟ್ಟಡಗಳನ್ನು ಸರ್ಕಾರ ತಾಜ್ ಸಮೂಹದ ಹೋಟೆಲ್ ಕಂಪನಿಯೊಂದಕ್ಕೆ ಗುತ್ತಿಗೆಗೆ ಕೊಟ್ಟಿತು. ರಾಷ್ಟ್ರೀಯ ಉದ್ಯಾನದ ಹೊಟ್ಟೆಯೊಳಗೆ ಸುಸಜ್ಜಿತ ಪ್ರವಾಸಿ ವಸತಿ ಏಳಲಿತ್ತು. ಅದೇ ಕಾಡಿನ ಹಾಡಿಗಳಲ್ಲಿ, ಅಂದರೆ ಬುಡಕಟ್ಟು ಜನರ ಪುಟ್ಟ ಊರುಗಳಲ್ಲಿ, ಜೇನುಕುರುಬರು, ಬೆಟ್ಟಕುರುಬರು, ಯರವರು ತಲೆತಲಾಂತರದಿಂದ ಬಾಳಿದ್ದರು. ಬೇಸಾಯ ಮಾಡಬೇಡಿ, ದನ ಸಾಕಬೇಡಿ, ಪ್ರಾಣಿಗಳಿಗೆ ತೊಂದರೆಯಾಗುತ್ತದೆ, ಹೊರಗೆ ಹೋಗಿ ಎಂದು ಅವರಿಗೆ ವರ್ಷಗಳಿಂದ ಹೇಳಲಾಗುತ್ತಿತ್ತು. ಹುಲ್ಲಿನ ಗುಡಿಸಲು ಪ್ರಾಣಿಗಳಿಗೆ ತೊಂದರೆಯಾದರೆ ಹೋಟೆಲು ತೊಂದರೆಯಲ್ಲವೇ? ಈ ಪ್ರಶ್ನೆ ಹಾಡಿಯಿಂದ ಹಾಡಿಗೆ ಹಬ್ಬಿತು. ಹೆಂಗಸರು, ಗಂಡಸರು ಪ್ರತಿಭಟನೆಗೆ ಇಳಿದರು. ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿನ ಮೆಟ್ಟಿಲು ಹತ್ತಿತು.

1997ರಲ್ಲಿ ತೀರ್ಪು ಬಂತು. ಅರಣ್ಯ ಭೂಮಿಯನ್ನು ಅರಣ್ಯೇತರ ಕೆಲಸಕ್ಕೆ ಕೊಡಬೇಕಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕೆಂದು 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆ ಅನುಮತಿ ಇರಲಿಲ್ಲ. ಗುತ್ತಿಗೆ ಬಿದ್ದುಹೋಯಿತು, ಹೋಟೆಲು ನಿಂತುಹೋಯಿತು. ಓದು ಬರಹ ಕಡಿಮೆಯಿದ್ದ ಜನ ಕಾನೂನಿನ ಪುಸ್ತಕ ಹಿಡಿದು ಗೆದ್ದ ಈ ಕತೆ ನಮ್ಮ ಶಾಲೆಯ ಪಾಠಗಳಲ್ಲಿ ಇರಬೇಕಿತ್ತು ಎಂದು ನಾನು ನಂಬುತ್ತೇನೆ.

ಹಾಗಾದರೆ ಕಬಿನಿ ದಡಕ್ಕೆ ಇಷ್ಟೊಂದು ರೆಸಾರ್ಟುಗಳು ಹೇಗೆ ಬಂದವು? ಆ ಕಡೆಯ ಕತೆ ಅರಸರ ಕಾಲದ್ದು. ಕಾಕನಕೋಟೆಯಲ್ಲಿ ಕಾಡಾನೆಗಳನ್ನು ಹಿಡಿಯುವ ಖೆಡ್ಡಾ ನೋಡಲು ಬರುವ ದೊಡ್ಡವರಿಗೆ ಕಾರಾಪುರದಲ್ಲಿ ಬಿಡಾರ ಹೂಡುತ್ತಿದ್ದರು, ಮಹಾರಾಜರ ಬೇಟೆ ಬಂಗಲೆಯೂ ಅಲ್ಲೇ ಇತ್ತು. ಕಾರಾಪುರದ ಮಾವುತನೊಬ್ಬನ ಮಗ ಸಾಬು 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಲೋಕಕ್ಕೆಲ್ಲ ಪರಿಚಿತನಾದ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮೂರೇ ವರ್ಷಕ್ಕೆ ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆಕಟ್ಟು ಎದ್ದು ಹಳ್ಳಿಗಳೂ ಕಾಡೂ ಮುಳುಗಿದವು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಡದಲ್ಲಿ ಹಸಿರು ಹುಲ್ಲು ಚಿಗುರುತ್ತದೆ, ಅದನ್ನು ಮೇಯಲು ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಇಂದು ನಾವು ಕ್ಯಾಮೆರಾ ಹಿಡಿದು ನೋಡುವ ಆ ವೈಭವ ಮುಳುಗಿದ ಊರುಗಳ ನೆಲದ ಮೇಲೆ ನಡೆಯುತ್ತದೆ.

1980ರಲ್ಲಿ, ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದಾಗ, ನೇಪಾಳದ ವನ್ಯಜೀವಿ ಪ್ರವಾಸ ಸಂಸ್ಥೆ ಟೈಗರ್ ಟಾಪ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಜಂಗಲ್ ಲಾಡ್ಜಸ್ ಕಂಪನಿ ಕಟ್ಟಿತು. ಅರಸರ ಹಳೆಯ ಬಂಗಲೆಯ ಆವರಣದಲ್ಲೇ ಕಬಿನಿ ರಿವರ್ ಲಾಡ್ಜ್ ತಲೆಯೆತ್ತಿತು. ಅದರ ಜೀವಾಳ ಕರ್ನಲ್ ಜಾನ್ ವೇಕ್‌ಫೀಲ್ಡ್. 1916ರಲ್ಲಿ ಗಯಾದಲ್ಲಿ ಹುಟ್ಟಿ, ಸೈನ್ಯದಲ್ಲಿ ದುಡಿದು, ಒಂದು ಕಾಲಕ್ಕೆ ಬೇಟೆಯನ್ನೂ ಬಲ್ಲವರಾಗಿದ್ದ ಇವರು ಕಾಡು ತೋರಿಸುವುದನ್ನೇ ಬದುಕಾಗಿಸಿಕೊಂಡರು. ಎಲ್ಲರಿಗೂ ಅವರು 'ಪಾಪಾ'. ಕಬಿನಿಯ ದಡವನ್ನೇ ಮನೆಯಾಗಿಸಿಕೊಂಡು 2010ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಕಾಡಿನಂಚಿನಲ್ಲಿ ಉಳಿದು, ಜೀಪಿನಲ್ಲಿ ಒಳಹೋಗಿ, ಕತ್ತಲಾಗುವ ಮುಂಚೆ ಹೊರಬರುವ ಪದ್ಧತಿ ಇಲ್ಲಿ ಬೇರೂರಿತು. ಖಾಸಗಿ ರೆಸಾರ್ಟುಗಳು ಇದೇ ದಾರಿ ಹಿಡಿದು ಬಂದವು. 2012ರಲ್ಲಿ ಸುಪ್ರೀಂ ಕೋರ್ಟು ಹುಲಿ ಕಾಡುಗಳ ನಡುಭಾಗದ ಪ್ರವಾಸೋದ್ಯಮವನ್ನು ಕೆಲವು ತಿಂಗಳು ತಡೆದಿತ್ತು. ಮತ್ತೆ ಬಿಟ್ಟಾಗ, ಅಲ್ಲಿ ಹೊಸ ಪ್ರವಾಸಿ ಕಟ್ಟಡ ಕೂಡದು ಎಂಬ ನಿಯಮ ದೇಶಕ್ಕೆಲ್ಲ ಬಂತು. ಮೂರ್ಕಲ್‌ನ ಜನ 15 ವರ್ಷ ಮೊದಲೇ ಕೇಳಿದ್ದು ಅದನ್ನೇ.

ಕುಟ್ಟದ ಕಡೆಯ ಕತೆ ಬೇರೆ. 1955ರಲ್ಲಿ ಮೊದಲು ಅಭಯಾರಣ್ಯವಾದದ್ದು ಕೊಡಗಿನ ಆ ಭಾಗವೇ, ಮೈಸೂರು ಕಡೆಯ ಕಾಡು ಸೇರಿದ್ದು ಆಮೇಲೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ನಾಗರಹೊಳೆಯ ಅರಣ್ಯ ಇಲಾಖೆಯ ವಸತಿಗೃಹದಲ್ಲಿ ಒಂದು ರಾತ್ರಿ ಕಳೆದಿದ್ದೆ. ಕರೆಂಟು ಹೋಗಿ ಲಾಟೀನು ಹಚ್ಚಿದ್ದರು. ಕಿಟಕಿಯಾಚೆ ಜಿಂಕೆಗಳ ಕಣ್ಣುಗಳು ಮಿನುಗುತ್ತಿದ್ದವು. ಅಪ್ಪ ಮೇಷ್ಟರು, ಅವರ ಸಂಬಳಕ್ಕೂ ಆ ಬಾಡಿಗೆ ಎಟುಕುತ್ತಿತ್ತು. ಈಗ ಹಿನ್ನೀರಿನ ದಡದಲ್ಲಿ ಒಂದು ರಾತ್ರಿಯ ದರ ಕೇಳಿ ಎಷ್ಟೋ ಮೇಷ್ಟರುಗಳು ಫೋನು ಇಟ್ಟುಬಿಡುತ್ತಾರೆ. ಅದು ನನ್ನನ್ನು ನೋಯಿಸುತ್ತದೆ. ಇನ್ನೂ ಹೆಚ್ಚು ನೋಯಿಸುವುದು, ಹೋಟೆಲನ್ನು ತಡೆದ ಹಾಡಿಗಳ ಎಷ್ಟೋ ಕುಟುಂಬಗಳು ಈಗ ಕಾಡಿನಲ್ಲಿಲ್ಲ ಎಂಬುದು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಅವರ ಮಕ್ಕಳು ಬೆಳೆಯುತ್ತಿದ್ದಾರೆ.

ಆದ್ದರಿಂದ ಫೋನು ಮಾಡಿದವರಿಗೆ ನಾನು ಹೀಗೆ ಹೇಳುತ್ತೇನೆ. ಆನೆಯ ಹಿಂಡು, ದೋಣಿ, ಹಿನ್ನೀರು ಬೇಕಾದರೆ, ಕೈಯಲ್ಲಿ ಹಣವೂ ಇದ್ದರೆ, ಏಪ್ರಿಲ್‌ನಲ್ಲಿ ಕಾರಾಪುರದ ಕಡೆ ಹೋಗಿ. ಮಕ್ಕಳ ಜೊತೆ ಕಡಿಮೆ ಖರ್ಚಿನಲ್ಲಿ ಕಾಡು ನೋಡಬೇಕಾದರೆ ಕುಟ್ಟದ ಕಾಫಿ ತೋಟದ ಹೋಂಸ್ಟೇಯಲ್ಲಿ ಉಳಿದು, ಬೆಳಗಿನ ಜಾವ ನಾಣಚ್ಚಿ ಗೇಟಿನಲ್ಲಿ ಇಲಾಖೆಯ ಸಫಾರಿಗೆ ನಿಲ್ಲಿ. ಮೈಸೂರಿನಿಂದ ಬರುವವರಿಗೆ ಹುಣಸೂರು ದಾರಿಯ ವೀರನಹೊಸಹಳ್ಳಿ ಗೇಟು ಹತ್ತಿರ. ಸಂಜೆ ಆರಕ್ಕೆ ಕಾಡಿನ ರಸ್ತೆ ಮುಚ್ಚುತ್ತದೆ, ಹೊತ್ತು ನೋಡಿ ಹೊರಡಿ. ಕಾಡಿನ ಒಳಗೆ ರೂಮು ಕೇಳಿದವರಿಗೆ ಮೂರ್ಕಲ್‌ನ ಕತೆ ಹೇಳುತ್ತೇನೆ. ಹೋದ ವರ್ಷ ಒಬ್ಬ ಗೆಳೆಯ ಪೂರ್ತಿ ಕೇಳಿಸಿಕೊಂಡು, ಕುಟ್ಟಕ್ಕೆ ಹೋಗುವ ದಾರಿಯಲ್ಲಿ ನಾಗಾಪುರದಲ್ಲಿ ಗಾಡಿ ನಿಲ್ಲಿಸಿ, ಒಬ್ಬ ಅಜ್ಜನ ಜೊತೆ ಒಂದು ಗಂಟೆ ಕೂತು ಬಂದ.