ಕಚೇರಿಯ ಧ್ವನಿಮುದ್ರಣ: ಅದರ ಸಾಕ್ಷ್ಯ ಮತ್ತು ಸಂರಕ್ಷಣೆ

ಸಂಗೀತದ ಇತಿಹಾಸವನ್ನು ಬರೆಯುವವರಿಗೆ ಲಕ್ಷಣಗ್ರಂಥಗಳೂ ಸ್ವರಲಿಪಿಗಳೂ ಎಷ್ಟು ಮುಖ್ಯವೋ ಧ್ವನಿಮುದ್ರಣವೂ ಅಷ್ಟೇ ಮುಖ್ಯವಾದ ಆಧಾರ. ಇದರಲ್ಲಿ ಎರಡು ಬಗೆಗಳುಂಟು. ಮುದ್ರಣಶಾಲೆಯ ನಿಶ್ಶಬ್ದದಲ್ಲಿ, ತಪ್ಪಿದರೆ ಮತ್ತೆ ಹಾಡುವ ಅವಕಾಶವಿಟ್ಟುಕೊಂಡು ಸಿದ್ಧಪಡಿಸಿದುದು ಒಂದು; ಸಭಿಕರ ಎದುರಿನ ಕಚೇರಿಯನ್ನು ನಡೆದಂತೆಯೇ ಹಿಡಿದಿಟ್ಟುದು ಇನ್ನೊಂದು. ಈ ಎರಡನೆಯ ಬಗೆಯ ಮುದ್ರಣವು ಯಾವುದಕ್ಕೆ ಸಾಕ್ಷಿಯಾಗಬಲ್ಲದು, ಅದರ ಉಳಿವು ಯಾವುದನ್ನು ಅವಲಂಬಿಸಿದೆ ಎಂಬುದನ್ನು ಮೈಸೂರಿಗೆ ಸಂಬಂಧಿಸಿದ ಎರಡು ನಿದರ್ಶನಗಳಿಂದಲೂ ಒಂದು ರಾಕ್ ತಂಡದ ನಿದರ್ಶನದಿಂದಲೂ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೈಸೂರಿನ ಯಾದವಗಿರಿಯಲ್ಲಿ ಈಗ ಆಕಾಶವಾಣಿ ನಿಲಯವಿರುವ ಸ್ಥಳಕ್ಕೆ ಕೂಗಳತೆಯಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರ ಮನೆ 'ವಿಠ್ಠಲ ವಿಹಾರ'ವಿತ್ತು. 1935ರ ಸೆಪ್ಟೆಂಬರ್ 10ರಂದು ಅವರು ಆ ಮನೆಯಿಂದಲೇ 30 ವಾಟ್ ಶಕ್ತಿಯ ಯಂತ್ರದ ನೆರವಿನಿಂದ ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ಅವರು ಬಳಸಿದ 'ಆಕಾಶವಾಣಿ' ಎಂಬ ಹೆಸರನ್ನು ಮುಂದೆ ಇಡೀ ದೇಶದ ರೇಡಿಯೊ ಸಂಸ್ಥೆಯೇ ತನ್ನದಾಗಿ ಮಾಡಿಕೊಂಡಿತು. ಮೈಸೂರಿನ ಈ ಕೇಂದ್ರವು 1955ರಲ್ಲಿ ಬೆಂಗಳೂರಿಗೆ ವರ್ಗವಾಯಿತು. 1974ರ ನವೆಂಬರ್ 14ರಂದು ಮೈಸೂರಿನಲ್ಲಿ ಪ್ರಸಾರವು ಪುನರಾರಂಭವಾಯಿತು. ಆರಂಭದ ವರ್ಷಗಳಲ್ಲಿ ಕಲಾವಿದರು ಮೈಕಿನ ಮುಂದೆ ಕುಳಿತು ಹಾಡಿದುದು ಆ ಕ್ಷಣದಲ್ಲಿಯೇ ಕೇಳುಗರನ್ನು ತಲಪುತ್ತಿತ್ತು. ಮೊದಲು ಮುದ್ರಿಸಿಟ್ಟು ಆಮೇಲೆ ಪ್ರಸಾರಮಾಡುವ ಪದ್ಧತಿ ಆಗ ರೂಢಿಗೆ ಬಂದಿರಲಿಲ್ಲ. ಹಾಡು ಮುಗಿದೊಡನೆ ನಾದವೂ ಮುಗಿಯುತ್ತಿತ್ತು.

ಇದೇ 1935ರ ಆಗಸ್ಟಿನಲ್ಲಿ, ಎಂದರೆ ಮೈಸೂರಿನ ಪ್ರಸಾರಕ್ಕೆ ಒಂದು ತಿಂಗಳು ಮೊದಲು, ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಕಾಂತೀಯ ಟೇಪಿನ ಯಂತ್ರವಾದ ಮ್ಯಾಗ್ನೆಟೊಫೋನನ್ನು ಜನರಿಗೆ ತೋರಿಸಲಾಯಿತು. 1936ರ ನವೆಂಬರ್ 19ರಂದು ಜರ್ಮನಿಯ ಲುಡ್ವಿಗ್ಸ್‌ಹಾಫೆನ್ನಿನಲ್ಲಿ ಥಾಮಸ್ ಬೀಚಮ್ ನಡೆಸಿಕೊಟ್ಟ ಲಂಡನ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದ ಕಚೇರಿಯನ್ನು ಅಂಥ ಯಂತ್ರದಿಂದ ಮುದ್ರಿಸಿದರು. ಆ ಮುದ್ರಣದ ಭಾಗಗಳನ್ನು ಇಂದಿಗೂ ಕೇಳಬಹುದಾಗಿದೆ. ಒಂದೂರಿನ ಸಂಗೀತ ಉಳಿದು ಇನ್ನೊಂದೂರಿನದು ಗಾಳಿಗೆ ಸೇರಿತೆಂದರೆ ಅದಕ್ಕೆ ಕಾರಣ ವಿದ್ವತ್ತಿನ ತಾರತಮ್ಯವಲ್ಲ, ಉಪಕರಣದ ತಾರತಮ್ಯ.

ಉಪಕರಣದ ಜೊತೆಗೆ ಉಳಿಸಬೇಕೆಂಬ ಇಚ್ಛೆಯೂ ಬೇಕು. ಇದಕ್ಕೆ ಶ್ರೀ ಜಯಚಾಮರಾಜ ಒಡೆಯರೇ ನಿದರ್ಶನ. ಜರ್ಮನ್ ವಾಗ್ಗೇಯಕಾರ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳು ಅವನ ಮರಣಾನಂತರ, 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಪ್ರಯೋಗಗೊಂಡವು. ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು. ಫುರ್ಟ್‌ವಾಂಗ್ಲರ್ ವಾದ್ಯವೃಂದವನ್ನು ನಡೆಸಿದರು. ಈ ಕಚೇರಿಗೆ 4,800 ಡಾಲರುಗಳ ಖಾತರಿಯನ್ನು ಕೊಟ್ಟವರು ಮಹಾರಾಜರು. ತಾವು ಅಲ್ಲಿ ಹಾಜರಿರಲಾಗದಿದ್ದುದರಿಂದ ಗೀತೆಗಳನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಮುದ್ರಣ ನಡೆದುದು ಅಸಿಟೇಟ್ ತಟ್ಟೆಗಳ ಮೇಲೆ. ಇಂಥ ತಟ್ಟೆಯಲ್ಲಿ ಲೋಹದ ಮೇಲಿನ ಮೃದುವಾದ ಲೇಪದಲ್ಲಿಯೇ ನೇರವಾಗಿ ಗೆರೆ ಕೊರೆಯುವುದರಿಂದ, ನುಡಿಸಿದಷ್ಟು ಸಲವೂ ಮುಳ್ಳು ಆ ಗೆರೆಯನ್ನು ಸವೆಸುತ್ತದೆ. ಈ ತಟ್ಟೆಗಳೂ ಬಹಳವಾಗಿ ಸವೆದ ಮೇಲೆಯೇ ಪ್ರತಿಯಾದವು. 2007ರಲ್ಲಿಯೂ 2014ರಲ್ಲಿಯೂ ಅವನ್ನು ಶುದ್ಧೀಕರಿಸುವ ಪ್ರಯತ್ನಗಳು ನಡೆದವು. ಆದರೂ ಗೆರೆಯಿಂದ ಸವೆದುಹೋದ ನಾದವನ್ನು ಯಾವ ಯಂತ್ರವೂ ಮರಳಿ ತರಲಾರದು.

ರಾಜಾಶ್ರಯವಿಲ್ಲದೆ, ಮನೆಬಳಕೆಯ ಯಂತ್ರದಿಂದಲೇ ಉಳಿದು ಬಂದ ಮುದ್ರಣವೂ ಉಂಟು. 1962ರ ಡಿಸೆಂಬರಿನ ಕೊನೆಯಲ್ಲಿ ಹ್ಯಾಂಬರ್ಗಿನ ಸ್ಟಾರ್ ಕ್ಲಬ್ಬಿನಲ್ಲಿ ಬೀಟಲ್ಸ್ ರಾಕ್ ತಂಡದವರು ಹಾಡಿದುದನ್ನು ಗ್ರುಂಡಿಗ್ ಟೇಪ್‌ರೆಕಾರ್ಡರಿನಿಂದ, ಒಂದೇ ಮೈಕಿನಿಂದ ಮುದ್ರಿಸಲಾಯಿತು. ಟೇಪು ಸೆಕೆಂಡಿಗೆ ಸುಮಾರು 9.5 ಸೆಂಟಿಮೀಟರ್ ವೇಗದಲ್ಲಿ ಓಡುತ್ತಿತ್ತು. ವೃತ್ತಿಪರ ಯಂತ್ರಗಳ ರೂಢಿಯ ವೇಗ 38. ವೇಗ ಕಡಮೆಯಾದಷ್ಟೂ ತಾರಧ್ವನಿಯ ಸೂಕ್ಷ್ಮಗಳು ಮಸಕಾಗುತ್ತವೆ. ಆದುದರಿಂದ ಈ ಮುದ್ರಣ ಒರಟು. ಹಾಡಿಗಿಂತ ಗದ್ದಲವೇ ಮುಂದಾಗಿರುವ ಎಡೆಗಳೂ ಇವೆ. ಆದರೆ 1963ರ ಫೆಬ್ರವರಿಯಲ್ಲಿ ತಮ್ಮ ಮೊದಲ ಆಲ್ಬಮ್ಮಿಗಾಗಿ ಮುದ್ರಣಶಾಲೆಯಲ್ಲಿ ಹಾಡುವುದಕ್ಕೆ ಕೆಲವೇ ವಾರಗಳ ಮೊದಲು ಆ ತರುಣರು ಕೇಳುಗರ ಎದುರಿನಲ್ಲಿ ಎಷ್ಟು ವೇಗವಾಗಿ ಹಾಡುತ್ತಿದ್ದರು, ನಡುನಡುವೆ ಸಭಿಕರೊಡನೆ ಹೇಗೆ ಮಾತಾಡುತ್ತಿದ್ದರು ಎಂಬುದು ಈ ಟೇಪಿನಿಂದ ತಿಳಿಯುವಂತೆ ಆಲ್ಬಮ್ಮಿನಿಂದ ತಿಳಿಯದು. 1977ರಲ್ಲಿ ಪ್ರಕಟವಾದ ಈ ಮುದ್ರಣದ ಹಕ್ಕು 1998ರಲ್ಲಿ ನ್ಯಾಯಾಲಯದ ಮೂಲಕ ತಂಡಕ್ಕೇ ಸಂದಿತು.

ಈ ನಿದರ್ಶನಗಳಿಂದ ಒಂದು ಎಚ್ಚರಿಕೆಯೂ ದೊರೆಯುತ್ತದೆ. ಮುದ್ರಣವು ಕಚೇರಿಯ ಸಾಕ್ಷಿಯೇ ಹೊರತು ಕಚೇರಿಯೇ ಅಲ್ಲ. ಮೃದಂಗದ ಬಳಿ ಮೈಕಿದ್ದರೆ ಪಿಟೀಲು ದುರ್ಬಲವಾಗಿ ಕೇಳುತ್ತದೆ; ಅದರಿಂದ ಪಿಟೀಲುವಾದಕರ ಕೈ ದುರ್ಬಲವೆಂದು ತೀರ್ಮಾನಿಸಲಾಗದು. ಟೇಪು ನೂರಕ್ಕೆ ಸುಮಾರು 6ರಷ್ಟು ಹೆಚ್ಚು ವೇಗದಲ್ಲಿ ಓಡಿದರೆ ಶ್ರುತಿ ಅರ್ಧ ಸ್ವರದಷ್ಟು ಏರುತ್ತದೆ, ಕಾಲಪ್ರಮಾಣವೂ ಚುರುಕಾಗುತ್ತದೆ. ಇದನ್ನು ಪರೀಕ್ಷಿಸದೆ ಗಾಯಕರೊಬ್ಬರ ಶ್ರುತಿಯನ್ನೋ ವಿಳಂಬಕಾಲವನ್ನೋ ನಿರ್ಣಯಿಸುವ ಪ್ರಬಂಧವು ಯಂತ್ರದ ದೋಷವನ್ನೇ ಕಲಾವಿದರ ಗುಣವೆಂದು ಬರೆದಂತಾಗುತ್ತದೆ. ಯಾವ ದಿನ, ಯಾವ ಸಭಾಂಗಣ, ಯಾವ ಯಂತ್ರ, ಇದು ಮೂಲವೋ ಎಷ್ಟನೆಯ ಪ್ರತಿಯೋ ಎಂಬ ಪ್ರಶ್ನೆಗಳನ್ನು ಸಂಶೋಧಕನು ಮೊದಲು ಕೇಳಬೇಕು.

ನಮ್ಮ ಊರುಗಳ ರಾಮೋತ್ಸವ, ಗಣೇಶೋತ್ಸವಗಳ ಕಚೇರಿಗಳನ್ನು ರಸಿಕರು ಟೇಪುಗಳಲ್ಲಿಯೂ ಕ್ಯಾಸೆಟ್ಟುಗಳಲ್ಲಿಯೂ ಮುದ್ರಿಸಿಕೊಂಡದ್ದುಂಟು. ಅಸಿಟೇಟ್ ಆಧಾರದ ಹಳೆಯ ಟೇಪು ಕೆಡತೊಡಗಿದಾಗ ಹುಳಿವಾಸನೆ ಬರುತ್ತದೆ. ಅಂಥದನ್ನು ಉಳಿದವುಗಳಿಂದ ಬೇರೆಯಿರಿಸಿ ಮೊದಲು ಪ್ರತಿಮಾಡಿಸಬೇಕು. ಬೂಷ್ಟು ಹಿಡಿದುದನ್ನು ಶುಚಿಮಾಡದೆ ಯಂತ್ರಕ್ಕೆ ಹಾಕಬಾರದು. ಪೆಟ್ಟಿಗೆಯ ಮೇಲಿನ ಕೈಬರಹವನ್ನೂ ನಕಲುಮಾಡಿಟ್ಟುಕೊಳ್ಳಬೇಕು, ದಿನಾಂಕವೂ ಪಕ್ಕವಾದ್ಯದವರ ಹೆಸರೂ ಅನೇಕ ವೇಳೆ ಅಲ್ಲಿ ಮಾತ್ರ ಇರುತ್ತವೆ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಬೀದಿಗಳಲ್ಲಿ ಇಂಥ ಟೇಪುಗಳು ಎಲ್ಲಿವೆಯೆಂದು ವಿಚಾರಿಸಿ, ಒಡೆಯರ ಒಪ್ಪಿಗೆಯಿಂದ ಒಂದು ಪಟ್ಟಿಯನ್ನು ಸಿದ್ಧಮಾಡಿದರೂ ಮುಂದಿನ ಸಂಶೋಧನೆಗೆ ತಳಹದಿ ದೊರೆತಂತಾಗುತ್ತದೆ.